ಒಬ್ಬರೇ ರಾಕಿ ಪರ್ವತಕ್ಕೆ: ಮೂರು ನ್ಯಾಷನಲ್ ಪಾರ್ಕ್‌ಗಳಲ್ಲಿ ಬೇಸಿಗೆಯ ನಡಿಗೆ, ಹಂತ ಹಂತವಾಗಿ

"ಜೊತೆಗೆ ಬರೋರು ಯಾರೂ ಸಿಗ್ತಿಲ್ಲ, ಒಬ್ಬನೇ ಹೋಗಬಹುದಾ?" ಪ್ರತಿ ವರ್ಷ ಚಳಿ ಇಳಿಯುತ್ತಿದ್ದಂತೆ ಈ ಪ್ರಶ್ನೆ ನನಗೆ ಬರತೊಡಗುತ್ತದೆ. ಅಮೆರಿಕದಲ್ಲಿ ಓದುತ್ತಿರುವ ಹುಡುಗರು ಕೇಳುತ್ತಾರೆ. ಎರಡು ವಾರ ರಜೆ ಸಿಕ್ಕಿ ಗೆಳೆಯರಿಗೆ ಸಿಗದೆ ಹೋದವರು ಕೇಳುತ್ತಾರೆ. ಮಕ್ಕಳು ದೂರ ಹೋದ ಮೇಲೆ ನಡಿಗೆ ಶುರು ಮಾಡಿದ ತಾಯಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೋಗಬಹುದು. ಆದರೆ ಒಂದು ವಿಷಯ ಮೊದಲೇ ಮನಸ್ಸಿಗೆ ಬರಲಿ. ಇಬ್ಬರಿದ್ದಾಗ ಒಬ್ಬರು ಎಡವಿದರೆ ಇನ್ನೊಬ್ಬರು ಹಿಡಿಯುತ್ತಾರೆ. "ಸಾಕು, ತಿರುಗೋಣ" ಎನ್ನಲು, ದಾರಿ ತಪ್ಪಿದೆ ಎಂದು ಗುರುತಿಸಲು, ಕೆಳಗೆ ಓಡಿ ಸಹಾಯ ಕರೆತರಲು ಆ ಇನ್ನೊಬ್ಬರು ಇರುತ್ತಾರೆ. ಒಬ್ಬರೇ ಹೊರಟಾಗ ಆ ಎರಡನೆಯವರು ಮಾಡಬೇಕಿದ್ದ ಕೆಲಸವನ್ನು ಬೆಟ್ಟ ಹತ್ತುವ ಮೊದಲೇ ನೀವು ಮಾಡಿ ಮುಗಿಸಿರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಇಲ್ಲಿ ಮೂರು ಪಾರ್ಕ್‌ಗಳನ್ನು ಆರಿಸಿಕೊಂಡಿದ್ದೇನೆ: ಕೊಲರಾಡೊದ ರಾಕಿ ಮೌಂಟನ್, ವಯೋಮಿಂಗ್‌ನ ಗ್ರ್ಯಾಂಡ್ ಟೀಟಾನ್, ಮೊಂಟಾನಾದ ಗ್ಲೇಸಿಯರ್. ದಕ್ಷಿಣದಿಂದ ಉತ್ತರಕ್ಕೆ ಒಂದೇ ಪರ್ವತ ಸಾಲಿನ ಉದ್ದಕ್ಕೂ ಇರುವ ಇವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಇಡೀ ದಿನದ ಡ್ರೈವ್ ಬೇಕು. ಎರಡು ವಾರಕ್ಕೆ ಮೂರು ಪಾರ್ಕ್ ಸರಿಹೋಗುತ್ತದೆ. ಒಂದೇ ವಾರ ಇದ್ದರೆ ಒಂದನ್ನೇ ಆರಿಸಿಕೊಳ್ಳಿ.

1. ದಿನಾಂಕ ಗೊತ್ತುಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಯಾಲೆಂಡರ್‌ನಲ್ಲಿ ಜೂನ್ ಎಂದರೆ ಬೇಸಿಗೆ, ಎತ್ತರದ ದಾರಿಗಳಲ್ಲಿ ಜೂನ್ ಎಂದರೆ ಹಿಮ. ಗ್ಲೇಸಿಯರ್ ಪಾರ್ಕನ್ನು ಅಡ್ಡ ಸೀಳುವ ಗೋಯಿಂಗ್-ಟು-ದ-ಸನ್ ರಸ್ತೆಯನ್ನು ಹಿಮ ತೆಗೆದು ಪೂರ್ತಿ ತೆರೆಯುವಷ್ಟರಲ್ಲಿ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಆಗಿರುತ್ತದೆ. ಟೀಟಾನ್‌ನ ಪೇಂಟ್‌ಬ್ರಷ್ ಡಿವೈಡ್ ಎಂಬ ಏಣು ಸುಮಾರು 3,260 ಮೀಟರ್ ಎತ್ತರದಲ್ಲಿದೆ. ಅದರ ಕಡಿದಾದ ಮಗ್ಗುಲಲ್ಲಿ ಜುಲೈ ಕೊನೆಯವರೆಗೂ ಗಟ್ಟಿ ಹಿಮ ಉಳಿಯುವುದುಂಟು. ಐಸ್ ಆಕ್ಸ್ ಎಂಬ ಹಿಮಗೊಡಲಿ ಹಿಡಿದು ಜಾರಿಕೆ ತಡೆಯುವುದನ್ನು ಕಲಿತಿಲ್ಲದವರು ಅಲ್ಲಿ ಒಬ್ಬರೇ ಕಾಲಿಡಬಾರದು.

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಅವಧಿಯನ್ನೇ ನಾನು ಸೂಚಿಸುವುದು. ಅದಕ್ಕೂ ತೊಂದರೆ ತಪ್ಪಿದ್ದಲ್ಲ. ಜುಲೈ, ಆಗಸ್ಟ್‌ನಲ್ಲಿ ಕೊಲರಾಡೊದಲ್ಲಿ ಮಧ್ಯಾಹ್ನದ ಗುಡುಗು ಮಳೆ, ಆಗಸ್ಟ್‌ನಲ್ಲಿ ಉತ್ತರದ ಕಡೆ ಕಾಡ್ಗಿಚ್ಚಿನ ಹೊಗೆ. ಗುಡುಗನ್ನು ಬೇಗ ಹೊರಟು ತಪ್ಪಿಸಬಹುದು. ಹೊಗೆ ಕವಿದರೆ ಮಾತ್ರ ಬೇರೆ ಕಡೆ ಹೋಗುವುದೊಂದೇ ದಾರಿ, ಅದಕ್ಕೆ ಎರಡು ದಿನ ಖಾಲಿ ಇಟ್ಟುಕೊಂಡಿರಿ.

ದಕ್ಷಿಣದಿಂದ ಶುರು ಮಾಡಿ ಉತ್ತರಕ್ಕೆ ಹೋಗುವುದು ಒಳ್ಳೆಯದು. ಅಷ್ಟರಲ್ಲಿ ಉತ್ತರದ ಹಿಮ ಇನ್ನಷ್ಟು ಕರಗಿರುತ್ತದೆ.

2. ಪರ್ಮಿಟ್ ಮತ್ತು ಪ್ರವೇಶ

ಮೂರು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ.

ಮೊದಲನೆಯದು ಪ್ರವೇಶ ಶುಲ್ಕ. ಮೂರು ಪಾರ್ಕ್ ನೋಡುವವರಿಗೆ ವಾರ್ಷಿಕ ಪಾಸ್ ಲಾಭ. 2026ರಿಂದ ಅಮೆರಿಕದ ನಿವಾಸಿಗಳಿಗೆ ಅದು 80 ಡಾಲರ್, ಹೊರದೇಶದಿಂದ ಬಂದವರಿಗೆ 250 ಡಾಲರ್. ನಿವಾಸಿ ಎಂದು ತೋರಿಸಲು ಅಲ್ಲಿನ ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿ ಬೇಕು. ಪಾಸ್ ಇಲ್ಲದ ಹೊರದೇಶದವರು ಹನ್ನೊಂದು ಜನಪ್ರಿಯ ಪಾರ್ಕ್‌ಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚು ಕೊಡಬೇಕು. ನಮ್ಮ ಮೂರೂ ಪಾರ್ಕ್ ಆ ಪಟ್ಟಿಯಲ್ಲಿವೆ. ಊರಿಂದ ಪ್ರವಾಸಕ್ಕೆ ಬರುವವರು ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಎರಡನೆಯದು ಸಮಯ ಕಾಯ್ದಿರಿಸುವಿಕೆ, ಎಂದರೆ ಇಂತಿಷ್ಟು ಗಂಟೆಗೆ ಗೇಟು ದಾಟುತ್ತೇನೆ ಎಂದು ಮುಂಚೆಯೇ ಬುಕ್ ಮಾಡುವುದು. ಪಾಸ್ ಇದ್ದರೂ ಇದು ಬೇರೆಯಾಗಿಯೇ ಬೇಕು. ರಾಕಿ ಮೌಂಟನ್‌ನಲ್ಲಿ ಈಚಿನ ವರ್ಷಗಳಲ್ಲಿ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಇದು ನಡೆದುಕೊಂಡು ಬಂದಿದೆ. ಬೇರ್ ಲೇಕ್ ರಸ್ತೆಯ ಕಡೆಗೆ ಒಂದು ಬಗೆ, ಉಳಿದ ಭಾಗಕ್ಕೆ ಇನ್ನೊಂದು ಬಗೆ. ಯಾವುದನ್ನು ಬುಕ್ ಮಾಡುತ್ತಿದ್ದೇವೆ ಎಂದು ಎರಡು ಸಲ ನೋಡಿ, ತಪ್ಪಾದದ್ದು ಹಿಡಿದು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಗ್ಲೇಸಿಯರ್‌ನಲ್ಲಿ ಈ ನಿಯಮ ವರ್ಷ ವರ್ಷ ಬದಲಾಗುತ್ತಿದೆ. ಹೋದ ವರ್ಷ ಹೋಗಿಬಂದ ಗೆಳೆಯರ ಮಾತು ನಂಬದೆ ನೀವು ಹೋಗುವ ವರ್ಷದ ನಿಯಮವನ್ನು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ತಾಣದಲ್ಲೇ ಓದಿ.

ಮೂರನೆಯದು ಬ್ಯಾಕ್‌ಕಂಟ್ರಿ ಪರ್ಮಿಟ್. ರಸ್ತೆಯಿಂದ ದೂರ, ಕಾಡಿನ ಒಳಗೆ ಟೆಂಟ್ ಹಾಕಿ ರಾತ್ರಿ ಕಳೆಯಲು ಇದು ಬೇಕು. ಬೆಳಿಗ್ಗೆ ಹೋಗಿ ಸಂಜೆ ಬರುವ ನಡಿಗೆಗೆ ಬೇಡ. ಟೀಟಾನ್‌ನಲ್ಲಿ ಜನವರಿಯಲ್ಲಿ ಬುಕಿಂಗ್ ತೆರೆಯುತ್ತದೆ, ಗ್ಲೇಸಿಯರ್‌ನಲ್ಲಿ ಮಾರ್ಚ್‌ನಲ್ಲಿ ಲಾಟರಿ. ಎರಡಕ್ಕೂ ರೆಕ್ರಿಯೇಷನ್ ಡಾಟ್ ಗವ್ ಒಂದೇ ತಾಣ, ಅದೇ ಹೆಸರು ಹೋಲುವ ಬೇರೆ ತಾಣಗಳಿಗೆ ದುಡ್ಡು ಕಟ್ಟಬೇಡಿ. ಸಿಗದಿದ್ದರೂ ನಿರಾಶೆ ಬೇಡ. ಒಂದು ಪಾಲನ್ನು ಖುದ್ದಾಗಿ ಬರುವವರಿಗೆಂದೇ ಉಳಿಸಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಪರ್ಮಿಟ್ ಕಚೇರಿಯ ಮುಂದೆ ಸರದಿಯಲ್ಲಿ ನಿಂತರೆ ನಾಲ್ಕು ಜನರ ಗುಂಪಿಗೆ ಸಿಗದ ಜಾಗ ಒಬ್ಬರಿಗೆ ಸಿಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಬ್ಬರೇ ಹೋಗುವುದರ ದೊಡ್ಡ ಅನುಕೂಲ ಇದೇ.

ಸರದಿಯಲ್ಲಿ ನಿಂತಾಗ ಒಂದು ಕೆಲಸ ಮಾಡಿ. ಕೌಂಟರಿನಲ್ಲಿರುವ ರೇಂಜರ್‌ಗೆ "ನಾನು ಒಬ್ಬನೇ" ಎಂದು ಹೇಳಿ, ಈ ದಾರಿಯಲ್ಲಿ ಈಗ ಹಿಮ ಎಲ್ಲಿದೆ, ಯಾವ ತೊರೆ ತುಂಬಿ ಹರಿಯುತ್ತಿದೆ, ಕರಡಿ ಎಲ್ಲಿ ಓಡಾಡುತ್ತಿದೆ ಎಂದು ಕೇಳಿ. ಅವರು ತಡೆದು "ಇದು ಬೇಡ" ಎಂದರೆ ಬೇಡ.

3. ನಡಿಗೆಯ ಲೆಕ್ಕ

ಅಲ್ಲಿನ ಫಲಕಗಳಲ್ಲಿ ದೂರ ಮೈಲಿಯಲ್ಲಿ, ಎತ್ತರ ಅಡಿಯಲ್ಲಿ ಇರುತ್ತದೆ. 6 ಎಂದು ಓದಿ ಆರು ಕಿಲೋಮೀಟರ್ ಎಂದುಕೊಂಡು ಹೊರಟರೆ ಎದುರಿಗಿರುವುದು ಹತ್ತು ಕಿಲೋಮೀಟರ್.

ಸಮಯ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಸಾಕು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಉದಾಹರಣೆಗೆ 16 ಕಿಲೋಮೀಟರ್ ದಾರಿ, 900 ಮೀಟರ್ ಏರು ಎನ್ನೋಣ. ದೂರಕ್ಕೆ ಮೂರು ಗಂಟೆ ಹನ್ನೆರಡು ನಿಮಿಷ, ಏರಿಗೆ ಒಂದೂವರೆ ಗಂಟೆ, ಒಟ್ಟು ನಾಲ್ಕು ಗಂಟೆ ನಲವತ್ತೆರಡು ನಿಮಿಷ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಎತ್ತರದ ತೆಳು ಗಾಳಿ, ಬೆನ್ನಿನ ಹೊರೆ, ಊಟ, ಫೋಟೊ ಎಲ್ಲಕ್ಕೂ ಸೇರಿ ಮೂರನೇ ಒಂದು ಪಾಲು ಹೆಚ್ಚಿಸಿ. ಆರೂಕಾಲು ಗಂಟೆ ಆಯಿತು.

ಈಗ ಮುಖ್ಯವಾದ ಗಂಟೆಯೊಂದನ್ನು ಬರೆದುಕೊಳ್ಳಿ: ತಿರುಗುವ ಸಮಯ. ಎಲ್ಲಿಗೇ ತಲುಪಿರಲಿ, ತಲುಪದೇ ಇರಲಿ, ಆ ಗಂಟೆಗೆ ಕಾಲು ಹಿಂದಕ್ಕೆ ತಿರುಗಬೇಕು. ಗುಡುಗಿನ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಶಿಖರ ಬಿಟ್ಟು, ಮರ ಬೆಳೆಯುವ ಎತ್ತರಕ್ಕಿಂತ ಕೆಳಗೆ ಇರುವಂತೆ ಹಿಂದಿನಿಂದ ಲೆಕ್ಕ ಹಾಕಿ. ಹಾಗೆ ಹಾಕಿದರೆ ಬೆಳಗಿನ ಐದಕ್ಕೆ ಹೊರಡುವುದು ಯಾಕೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಗುವ ಸಮಯಕ್ಕೆ ಫೋನಿನಲ್ಲಿ ಅಲಾರಂ ಇಡಿ. ತುದಿ ಕಣ್ಣೆದುರಿಗೆ ಇರುವಾಗ, ಇನ್ನು ಇಪ್ಪತ್ತು ನಿಮಿಷ ಅಷ್ಟೇ ಎನ್ನಿಸುವಾಗ, ಜೊತೆಗಾರರ ಬದಲು ನಿಮ್ಮನ್ನು ತಡೆಯುವುದು ಅದೊಂದೇ.

ಮೊದಲ ಸಲದವರಿಗೆ ನನ್ನ ಆಯ್ಕೆ ಹೀಗಿದೆ. ರಾಕಿ ಮೌಂಟನ್‌ನಲ್ಲಿ ಮೊದಲ ದಿನ ಬೇರ್ ಲೇಕ್‌ನಿಂದ ನಿಂಫ್, ಡ್ರೀಮ್, ಎಮರಾಲ್ಡ್ ಕೊಳಗಳಿಗೆ ಹೋಗಿಬರುವ ಸುಮಾರು 5 ಕಿಲೋಮೀಟರ್. ಟೀಟಾನ್‌ನಲ್ಲಿ ಜೆನ್ನಿ ಲೇಕ್ ದೋಣಿಯಲ್ಲಿ ದಾಟಿ ಕ್ಯಾಸ್ಕೇಡ್ ಕ್ಯಾನಿಯನ್. ಗ್ಲೇಸಿಯರ್‌ನಲ್ಲಿ ಲೋಗನ್ ಪಾಸ್‌ನಿಂದ ಹೈಲೈನ್ ಟ್ರೇಲ್ ಹಿಡಿದು ಲೂಪ್ ಎಂಬಲ್ಲಿಗೆ ಇಳಿಯುವ 19 ಕಿಲೋಮೀಟರ್. ಹೈಲೈನ್‌ನ ಆರಂಭದಲ್ಲೇ ಬಂಡೆಗೆ ಕೊರೆದ ಕಿರಿದಾದ ಅಂಚು ಇದೆ, ಹಿಡಿದುಕೊಳ್ಳಲು ಗೋಡೆಗೆ ತಂತಿ ಕಟ್ಟಿದ್ದಾರೆ. ಎತ್ತರಕ್ಕೆ ಹೆದರುವವರು ಮೊದಲ ಕಾಲು ಗಂಟೆಯಲ್ಲೇ ತೀರ್ಮಾನಿಸಿ ವಾಪಸಾಗಬಹುದು. ಮೂರರಲ್ಲೂ ಬೇಸಿಗೆಯಲ್ಲಿ ಜನ ಓಡಾಡುತ್ತಲೇ ಇರುತ್ತಾರೆ, ಒಂಟಿ ನಡಿಗೆಗೆ ಅದು ಆಸರೆ.

ಲಾಂಗ್ಸ್ ಪೀಕ್ ಬಗ್ಗೆ ತುಂಬ ಜನ ಕೇಳುತ್ತಾರೆ. 4,346 ಮೀಟರ್ ಎತ್ತರದ ಈ ಶಿಖರದ ಕೀಹೋಲ್ ದಾರಿ ಹೈಕ್ ಅಲ್ಲ, ಕ್ಲೈಂಬ್ ಎಂದು ಪಾರ್ಕ್‌ನವರೇ ಹೇಳುತ್ತಾರೆ. ಕೈ ಬಳಸಿ ಬಂಡೆ ಹತ್ತಬೇಕು, ಜಾರಿದರೆ ಉಳಿಗಾಲವಿಲ್ಲದ ಜಾಗಗಳಿವೆ. ಮೊದಲ ಒಂಟಿ ಪ್ರವಾಸದಲ್ಲಿ ಅದನ್ನು ಬಿಟ್ಟುಬಿಡಿ.

4. ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಿ

ಬೇರ್ ಲೇಕ್ ಪಾರ್ಕಿಂಗ್ ಜಾಗವೇ ಸುಮಾರು 2,890 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದ ಊರಿಂದ ವಿಮಾನದಲ್ಲಿ ಬಂದವರು ಮರುದಿನವೇ ಅಲ್ಲಿಂದ ಹತ್ತಲು ಹೊರಟರೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಎಸ್ಟೆಸ್ ಪಾರ್ಕ್ ಊರು ಸುಮಾರು 2,290 ಮೀಟರ್‌ನಲ್ಲಿದೆ. ಅಲ್ಲಿ ಎರಡು ರಾತ್ರಿ ಮಲಗಿ, ಹಗಲು ಸ್ವಲ್ಪ ಮೇಲೆ ಹೋಗಿ ಬನ್ನಿ. ನೀರು ಚೆನ್ನಾಗಿ ಕುಡಿಯಿರಿ, ಆ ಎರಡು ದಿನ ಮದ್ಯ ಬೇಡ.

ನಿಯಮ ಸರಳ: ಲಕ್ಷಣ ಇದ್ದಾಗ ಮೇಲೆ ಹೋಗಬಾರದು, ಲಕ್ಷಣ ಹೆಚ್ಚಾದರೆ ಕೆಳಗೆ ಇಳಿಯಬೇಕು. ತೊಂದರೆ ಏನೆಂದರೆ ಮಿದುಳಿಗೆ ಬಾಧೆಯಾದಾಗ ಮೊದಲು ಮಂಕಾಗುವುದು ತೀರ್ಮಾನಿಸುವ ಶಕ್ತಿಯೇ. ಜೊತೆಗಾರರಿದ್ದರೆ "ಯಾಕೋ ತೊದಲ್ತಿದೀಯ" ಎನ್ನುತ್ತಿದ್ದರು. ಅದಕ್ಕೇ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಸಮತಟ್ಟು ನೆಲದಲ್ಲಿ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಹತ್ತು ಹೆಜ್ಜೆ ನೇರವಾಗಿ ನಡೆಯಿರಿ. ಆಗದೆ ಹೋದರೆ, ಅಥವಾ ಕುಳಿತಿದ್ದಾಗಲೂ ಏದುಸಿರು ಬರುತ್ತಿದ್ದರೆ, ಯೋಚಿಸುತ್ತ ಕೂರಬೇಡಿ. ಆಗಲೇ ಇಳಿಯಿರಿ, ಎದುರಿಗೆ ಸಿಕ್ಕ ಮೊದಲ ವ್ಯಕ್ತಿಗೆ ಹೇಳಿ.

5. ಬೆನ್ನುಚೀಲ

ಇದರ ಬಗ್ಗೆ ಬೇಕಾದಷ್ಟು ಪಟ್ಟಿಗಳಿವೆ, ನಾನು ಇನ್ನೊಂದು ಕೊಡುವುದಿಲ್ಲ. ಜನ ಸಾಮಾನ್ಯವಾಗಿ ಎಡವುವುದನ್ನು ಮಾತ್ರ ಹೇಳುತ್ತೇನೆ.

ಹತ್ತಿ ಬಟ್ಟೆ ಬಿಟ್ಟು ಬನ್ನಿ. ಬೆವರಿಗೋ ಮಳೆಗೋ ಒದ್ದೆಯಾದ ಹತ್ತಿ ಒಣಗುವುದೇ ಇಲ್ಲ, ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ, ಮೇಲೆ ಗಾಳಿ ಬೇರೆ. ಆಗಸ್ಟ್‌ನಲ್ಲೂ ಕೈ ಮರಗಟ್ಟಿ ಜಿಪ್ ಎಳೆಯಲಾಗದ ಸ್ಥಿತಿ ಬರಬಹುದು. ಮೈಗೆ ತಾಗುವ ಸಿಂಥೆಟಿಕ್ ಅಥವಾ ಉಣ್ಣೆಯ ಅಂಗಿ, ಅದರ ಮೇಲೆ ಬೆಚ್ಚಗಿನದೊಂದು, ಎಲ್ಲಕ್ಕಿಂತ ಮೇಲೆ ಮಳೆ ತಡೆಯುವ ಜಾಕೆಟ್. ಹಗಲಿನ ನಡಿಗೆಗೂ ಈ ಮೂರು ಚೀಲದಲ್ಲಿರಲಿ. ಬಿಸಿಲು ಕಂಡು ಜಾಕೆಟ್ ಕಾರಿನಲ್ಲಿ ಬಿಡುವುದೇ ಅತಿ ಸಾಮಾನ್ಯ ತಪ್ಪು.

ತಲೆಗೆ ಕಟ್ಟುವ ಟಾರ್ಚ್, ಸೀಟಿ, ಕಾಗದದ ನಕ್ಷೆ. ಫೋನಿನಲ್ಲಿ ನಕ್ಷೆಯನ್ನು ಊರಲ್ಲಿದ್ದಾಗಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್‌ಗೆ ಹಾಕಿ ತೆರೆದು ನೋಡಿ. ತೆರೆಯದಿದ್ದರೆ ಬೆಟ್ಟದಲ್ಲೂ ತೆರೆಯುವುದಿಲ್ಲ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಒಳಜೇಬಿನಲ್ಲಿಡಿ.

ನೀರಿನ ಫಿಲ್ಟರ್ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಅಂಗಡಿಯಲ್ಲಿ ಹೇಳುವುದಿಲ್ಲ. ಹಿಂಡಿ ಸೋಸುವ ಬಗೆಯ ಫಿಲ್ಟರಿನೊಳಗೆ ಕೂದಲಿನಂಥ ಟೊಳ್ಳು ಎಳೆಗಳಿರುತ್ತವೆ. ಒಮ್ಮೆ ಬಳಸಿದ ಮೇಲೆ ಅದರಲ್ಲಿ ನೀರು ಉಳಿದೇ ಉಳಿಯುತ್ತದೆ. ರಾತ್ರಿ ಆ ನೀರು ಹೆಪ್ಪುಗಟ್ಟಿದರೆ ಎಳೆಗಳು ಸೀಳುತ್ತವೆ. ಹೊರಗಿನಿಂದ ಏನೂ ಕಾಣಿಸದು, ನೀರು ಎಂದಿನಂತೆ ಬರುತ್ತದೆ, ರೋಗಾಣುವೂ ಜೊತೆಗೆ ಬರುತ್ತದೆ. ಮಲಗುವಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಿಮ್ಮ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಇಟ್ಟುಕೊಳ್ಳಿ. ಅನುಮಾನ ಬಂದರೆ ನೀರು ಕುದಿಸಿ. 2,000 ಮೀಟರಿಗಿಂತ ಮೇಲೆ ಮೂರು ನಿಮಿಷ ಕುದಿಯಬೇಕು, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯತೊಡಗುತ್ತದೆ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಜಿಯಾರ್ಡಿಯಾ ಎಂಬ ಹೊಟ್ಟೆಯ ಪರಾವಲಂಬಿ ಜೀವಿ ಈ ಪರ್ವತಗಳ ನೀರಿನಲ್ಲಿದೆ. ಬೇಧಿ ಶುರುವಾಗುವುದು ಒಂದೆರಡು ವಾರ ಕಳೆದು ಮನೆ ಸೇರಿದ ಮೇಲೆ.

6. ಕಾಗದ ಬರೆದು ಕೊಡಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಎಂದರೆ ಇದನ್ನು ಪಾಲಿಸಿ.

ಹೊರಡುವ ಮೊದಲು ನಿಮ್ಮನ್ನು ಬಲ್ಲ, ಫೋನ್ ಎತ್ತುವ, ಗಾಬರಿಯಲ್ಲೂ ಕೆಲಸ ಮಾಡುವ ಒಬ್ಬರನ್ನು ಆರಿಸಿ. ಅಮ್ಮನೇ ಆಗಬೇಕೆಂದಿಲ್ಲ. ಅದೇ ದೇಶದಲ್ಲಿ, ಹತ್ತಿರದ ಸಮಯ ವಲಯದಲ್ಲಿ ಇರುವವರಾದರೆ ಮೇಲು. ಅವರಿಗೆ ಬರೆದು ಕಳಿಸಬೇಕಾದದ್ದು ಇಷ್ಟು:

ಯಾವ ಪಾರ್ಕ್, ಯಾವ ಟ್ರೇಲ್‌ಹೆಡ್ (ಕಾರು ನಿಲ್ಲಿಸಿ ಕಾಲುದಾರಿ ಶುರುವಾಗುವ ಜಾಗ), ಯಾವ ದಾರಿ, ಯಾವ ರಾತ್ರಿ ಯಾವ ಕ್ಯಾಂಪ್. ಕಾರಿನ ಬಣ್ಣ, ನಂಬರ್ ಪ್ಲೇಟ್. ಜಾಕೆಟ್ ಮತ್ತು ಟೆಂಟಿನ ಬಣ್ಣ. ಹಾಕಿಕೊಂಡ ಬೂಟಿನ ಅಡಿಭಾಗದ ಒಂದು ಫೋಟೊ, ಹುಡುಕುವವರಿಗೆ ಹೆಜ್ಜೆ ಗುರುತು ಹಿಡಿಯಲು ಅದು ನೆರವಾಗುತ್ತದೆ. ನಿಮ್ಮ ಕಾಯಿಲೆ, ಔಷಧಿ, ಅಲರ್ಜಿ. ಆ ಪಾರ್ಕ್‌ನ ತುರ್ತು ಸಂಖ್ಯೆ. ಸಿಗದಿದ್ದರೆ ಅಮೆರಿಕದೊಳಗಿನಿಂದ 911. ಬೇರೆ ರಾಜ್ಯದಿಂದ 911ಕ್ಕೆ ಕರೆದರೆ ಅವರ ಊರಿನ ಪೊಲೀಸರಿಗೇ ಹೋಗುತ್ತದೆ, ಆದ್ದರಿಂದ ಪಾರ್ಕ್‌ನ ನೇರ ಸಂಖ್ಯೆ ಬರೆದೇ ಇರಬೇಕು.

ಕೊನೆಯದಾಗಿ ಎರಡು ಗಂಟೆಗಳು. ಒಂದು, ನೀವು ಇಳಿದು ಬರುವ ಅಂದಾಜು ಸಮಯ. ಎರಡು, ಅಷ್ಟು ಹೊತ್ತಿಗೂ ಸುದ್ದಿ ಇಲ್ಲದಿದ್ದರೆ ಅವರು ಫೋನ್ ಮಾಡಲೇಬೇಕಾದ ಸಮಯ. ಇವೆರಡರ ನಡುವೆ ಮೂರು ನಾಲ್ಕು ಗಂಟೆ ಅಂತರ ಇರಲಿ. ಸಿಗ್ನಲ್ ಸಿಗುವ ಊರಿಗೆ ಬರುವುದಕ್ಕೇ ಒಂದು ಗಂಟೆ ಹಿಡಿಯಬಹುದು. "ಸಂಜೆ ಬರ್ತೀನಿ" ಎಂದು ಹೇಳಿ ಹೋಗುವುದು ಹೇಳದೆ ಹೋದಂತೆಯೇ. ಅವರು ಮಧ್ಯರಾತ್ರಿವರೆಗೆ "ಬರ್ತಾನೆ ಬಿಡು" ಎಂದು ಕಾಯುತ್ತಾರೆ.

ಕಾಗದ ಕೊಟ್ಟ ಮೇಲೆ ದಾರಿ ಬದಲಿಸಬಾರದು. ಪಕ್ಕದ ಕಣಿವೆ ಚೆನ್ನಾಗಿದೆ ಎಂದು ಅಲ್ಲಿ ಯಾರೋ ಹೇಳಿದರೆ ನಾಳೆ ಹೋಗಿ, ಹೊಸ ಕಾಗದ ಬರೆದು.

ಸ್ಯಾಟಲೈಟ್ ಸಾಧನ ಕೊಳ್ಳಬೇಕಾ ಎಂದು ಕೇಳುತ್ತಾರೆ. ಒಬ್ಬರೇ ರಾತ್ರಿ ತಂಗುವವರು ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಎರಡು ಬಗೆ ಇವೆ. ಸ್ಯಾಟಲೈಟ್ ಮೆಸೆಂಜರ್‌ನಲ್ಲಿ ಸಂದೇಶ ಕಳಿಸಿ ಪಡೆಯಬಹುದು, ತಿಂಗಳ ಚಂದಾ ಕಟ್ಟಬೇಕು. ಪರ್ಸನಲ್ ಲೊಕೇಟರ್ ಬೀಕನ್‌ಗೆ ಚಂದಾ ಇಲ್ಲ, ಆದರೆ ನೋಂದಾಯಿಸಬೇಕು. 406 ಮೆಗಾಹರ್ಟ್ಸ್‌ನಲ್ಲಿ ಒಂದೇ ಕೂಗು ಹಾಕುತ್ತದೆ: ಕಾಪಾಡಿ, ಇಲ್ಲಿದ್ದೇನೆ. ಐಫೋನ್ 14 ಮತ್ತು ನಂತರದವುಗಳಲ್ಲೂ ಸ್ಯಾಟಲೈಟ್ ತುರ್ತು ಸೇವೆ ಇದೆ. ಯಾವುದೇ ಇರಲಿ, ಆಕಾಶ ಕಾಣುವ ಜಾಗ ಬೇಕು, ದಟ್ಟ ಕಾಡಿನಲ್ಲಿ, ಕಿರಿದಾದ ಕಮರಿಯಲ್ಲಿ ತಡವಾಗುತ್ತದೆ. ಮೆಸೆಂಜರ್‌ನಲ್ಲಿ ದಿನಾ ಸಂದೇಶ ಕಳಿಸುವವರು ಮೊದಲೇ ಮಾತಾಡಿಕೊಳ್ಳಿ: ಒಂದು ಸಂದೇಶ ತಪ್ಪಿದರೆ ಗಾಬರಿ ಬೇಡ, ಕಾಗದದಲ್ಲಿ ಬರೆದ ಆ ಎರಡನೆಯ ಸಮಯ ಮಾತ್ರವೇ ಲೆಕ್ಕ.

7. ಕರಡಿ

ಮೊದಲು ಅಹಿತವಾದ ಸತ್ಯ. ಗ್ರಿಜ್ಲಿ ಕರಡಿ ಇರುವ ಕಡೆ ಒಬ್ಬರೇ ನಡೆಯಬೇಡಿ, ಗುಂಪಿನಲ್ಲಿ ನಡೆಯಿರಿ ಎಂದೇ ಪಾರ್ಕ್‌ಗಳು ಹೇಳುತ್ತವೆ. ಟೀಟಾನ್ ಮತ್ತು ಗ್ಲೇಸಿಯರ್‌ನಲ್ಲಿ ಗ್ರಿಜ್ಲಿ ಇದೆ, ರಾಕಿ ಮೌಂಟನ್‌ನಲ್ಲಿ ಇರುವುದು ಕಪ್ಪು ಕರಡಿ ಮಾತ್ರ. ಆದ್ದರಿಂದ ಟೀಟಾನ್, ಗ್ಲೇಸಿಯರ್‌ನಲ್ಲಿ ಜನ ಓಡಾಡುವ ದಾರಿ ಹಿಡಿಯಿರಿ. ಬೆಳಗಿನ ಐದಕ್ಕೆ ಹೊರಡುವ ಮಾತು ರಾಕಿ ಮೌಂಟನ್‌ಗೆ, ಈ ಎರಡರಲ್ಲಿ ನಸುಕು, ಮುಸ್ಸಂಜೆ ತಪ್ಪಿಸಿ. ಟ್ರೇಲ್‌ಹೆಡ್‌ನಲ್ಲಿ ಸಿಕ್ಕ ಗುಂಪನ್ನು "ನಿಮ್ಮ ಹಿಂದೆ ಬರಲೇ?" ಎಂದು ಕೇಳಲು ಸಂಕೋಚ ಬೇಡ. ಅಲ್ಲಿ ಅದು ಮಾಮೂಲು, ನನಗೆ ಈವರೆಗೆ ಯಾರೂ ಇಲ್ಲ ಎಂದಿಲ್ಲ.

ಕರಡಿ ಮೈಮೇಲೆ ಬೀಳುವುದು ಹೆಚ್ಚಾಗಿ ಬೆಚ್ಚಿಬಿದ್ದಾಗ. ಜೊತೆಗಾರರಿದ್ದರೆ ಮಾತಿನ ಸದ್ದು ಇರುತ್ತದೆ, ಒಬ್ಬರೇ ಇದ್ದಾಗ ಮೌನ. ಅದಕ್ಕೆ ತಿರುವುಗಳಲ್ಲಿ, ಪೊದೆಗಳ ನಡುವೆ, ತೊರೆಯ ಸದ್ದು ಜೋರಾಗಿರುವಲ್ಲಿ, ಗಾಳಿ ಎದುರಿನಿಂದ ಬೀಸುವಾಗ ಗಟ್ಟಿಯಾಗಿ ಕೂಗಿ, ಚಪ್ಪಾಳೆ ತಟ್ಟಿ. ಕನ್ನಡದಲ್ಲೇ ಕೂಗಿ, ಮನುಷ್ಯನ ದನಿ ಆದರೆ ಸಾಕು. ಚೀಲಕ್ಕೆ ಕಟ್ಟುವ ಗೆಜ್ಜೆಯ ಸದ್ದು ಸಾಲದು. ಕಿವಿಗೆ ಇಯರ್‌ಫೋನ್ ಹಾಕಬೇಡಿ, ಓಡಬೇಡಿ.

ಬೇರ್ ಸ್ಪ್ರೇ ಎಂದರೆ ಮೆಣಸಿನಕಾಯಿ ಖಾರದ ಸಾರ ತುಂಬಿದ ಡಬ್ಬಿ. ಸೊಳ್ಳೆ ಔಷಧಿಯಂತೆ ಮೈಗೋ ಟೆಂಟಿಗೋ ಸಿಂಪಡಿಸುವುದಲ್ಲ. ಚೀಲದೊಳಗೆ ಇದ್ದರೆ ಅದು ಇಲ್ಲದ ಹಾಗೇ, ಸೊಂಟದ ಪಟ್ಟಿಗೋ ಎದೆಯ ಪಟ್ಟಿಗೋ ಸಿಕ್ಕಿಸಿರಬೇಕು. ಕೊಂಡ ದಿನ ಕೋಣೆಯಲ್ಲೇ, ಒತ್ತದೆ, ಹತ್ತು ಸಲ ಅಭ್ಯಾಸ ಮಾಡಿ: ಕೈ ಕೆಳಗೆ, ಡಬ್ಬಿ ಹೊರಗೆ, ಹೆಬ್ಬೆರಳಿನಿಂದ ಸುರಕ್ಷತಾ ಕ್ಲಿಪ್ ಹಿಂದಕ್ಕೆ, ಎರಡೂ ಕೈ, ಮೂತಿ ತುಸು ಕೆಳಮುಖ. ಕರಡಿ ನುಗ್ಗಿ ಬರುವಾಗ ಸುಮಾರು 9ರಿಂದ 18 ಮೀಟರ್ ದೂರದಲ್ಲಿರುವಾಗ ಒತ್ತಬೇಕು, ನಡುವೆ ಮೋಡದಂತೆ ನಿಂತ ಖಾರದೊಳಗೆ ಅದು ಬರಬೇಕು.

ದೂರದಲ್ಲಿ ಕಂಡರೆ ಕನಿಷ್ಠ 100 ಗಜ, ಎಂದರೆ 91 ಮೀಟರ್ ಅಂತರ ಬಿಡುವುದು ಟೀಟಾನ್, ಗ್ಲೇಸಿಯರ್‌ನ ನಿಯಮ. ಮೂಸ್, ಎಲ್ಕ್‌ನಂಥ ದೊಡ್ಡ ಜಿಂಕೆ ಜಾತಿಯ ಪ್ರಾಣಿಗಳಿಗೆ 25 ಗಜ. ಮರಿ ಜೊತೆಗಿರುವ ಮೂಸ್ ಕಂಡರೆ ಅದಕ್ಕೂ ಎಷ್ಟೋ ಹೆಚ್ಚು ದೂರ ಬಿಡಿ. ಗ್ರಿಜ್ಲಿ ಬೆಚ್ಚಿ ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಕೈಗಳನ್ನು ಕತ್ತಿನ ಹಿಂದೆ ಕಟ್ಟಿ, ಕಾಲು ಅಗಲಿಸಿ ಸತ್ತಂತೆ ಬಿದ್ದಿರಿ, ಬೆನ್ನುಚೀಲ ಬೆನ್ನ ಮೇಲೇ ಇರಲಿ. ಕಪ್ಪು ಕರಡಿಯಾದರೆ, ಅಥವಾ ಯಾವುದೇ ಕರಡಿ ರಾತ್ರಿ ಟೆಂಟಿಗೆ ನುಗ್ಗಿದರೆ, ಸಿಕ್ಕಿದ್ದರಲ್ಲಿ ಹೊಡೆದು ಹೋರಾಡಿ.

ಆಹಾರದ ವಿಷಯದಲ್ಲಿ ಮೂರು ಪಾರ್ಕ್‌ಗಳ ನಿಯಮ ಬೇರೆ ಬೇರೆ. ರಾಕಿ ಮೌಂಟನ್‌ನ ಕಾಡಿನೊಳಗಿನ ಕ್ಯಾಂಪ್‌ಗಳಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೇರ್ ಕ್ಯಾನಿಸ್ಟರ್, ಎಂದರೆ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬ ಬೇಕು. ಟೀಟಾನ್‌ನಲ್ಲಿ ಪರ್ಮಿಟ್ ಜೊತೆ ಅದನ್ನು ಬಳಸಲು ಕೊಡುತ್ತಾರೆ. ಗ್ಲೇಸಿಯರ್‌ನ ಕ್ಯಾಂಪ್‌ಗಳಲ್ಲಿ ಆಹಾರ ತೂಗುಹಾಕಲು ಕಂಬ ಅಥವಾ ಪೆಟ್ಟಿಗೆ ಇರುತ್ತದೆ, ಹಗ್ಗ ನೀವು ಒಯ್ಯಬೇಕು. ಟೂತ್‌ಪೇಸ್ಟ್, ಲಿಪ್ ಬಾಮ್, ಸನ್‌ಸ್ಕ್ರೀನ್, ಖಾಲಿ ಪೊಟ್ಟಣ, ವಾಸನೆ ಇರುವ ಎಲ್ಲವೂ ಅದರೊಳಗೇ. ಟೆಂಟಿನಲ್ಲಿ ಒಂದು ಚಾಕೊಲೇಟ್ ಕಾಗದವೂ ಇರಬಾರದು.

8. ದಾರಿಯಲ್ಲಿ

ಗುಡುಗು. ಬೆಳಿಗ್ಗೆ ಹತ್ತಕ್ಕೆ ಹೂಕೋಸಿನಂತೆ ಮೇಲಕ್ಕೆ ಬೆಳೆಯುತ್ತಿರುವ ಬಿಳಿ ಮೋಡ ಕಂಡರೆ ಅದೇ ಸೂಚನೆ, ಕಪ್ಪಾಗುವವರೆಗೆ ಕಾಯಬೇಡಿ. ಮಿಂಚು ಕಂಡು ಸದ್ದು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಆದರೆ ಎಣಿಸುತ್ತ ನಿಲ್ಲಬೇಡಿ, ಎಣಿಸುತ್ತ ಇಳಿಯಿರಿ. ಏಣು, ಒಂಟಿ ಮರ, ಕೊಳದ ದಂಡೆ ಬಿಟ್ಟು ಸಮನಾದ ಎತ್ತರದ ಮರಗಳ ನಡುವೆ ತಗ್ಗು ಜಾಗಕ್ಕೆ ಸೇರಿ.

ತೊರೆ. ಹಿಮ ಕರಗುವ ತೊರೆ ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ. ಸಂಜೆ ದಾಟಲಾಗದ್ದು ಬೆಳಗಿನ ಆರಕ್ಕೆ ಮೊಣಕಾಲಿಗೂ ಬಾರದಿರಬಹುದು. ದಾಟುವಾಗ ಬೆನ್ನುಚೀಲದ ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಬೂಟು ಹಾಕಿಕೊಂಡೇ, ಕೋಲು ಊರಿ, ಮುಖ ನೀರು ಬರುವ ಕಡೆಗೆ. ತೊಡೆ ಮುಟ್ಟುವ ರಭಸದ ನೀರನ್ನು ಒಬ್ಬರೇ ದಾಟುವ ಪ್ರಶ್ನೆಯೇ ಇಲ್ಲ.

ಹಿಮದ ಇಳಿಜಾರು ಅಡ್ಡ ಬಂದರೆ ಕೆಳಗೆ ನೋಡಿ: ಜಾರಿದರೆ ಎಲ್ಲಿ ನಿಲ್ಲುತ್ತೇನೆ? ಉತ್ತರ ಬಂಡೆ, ಪ್ರಪಾತ, ನೀರು ಎಂದಾದರೆ ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು. ಮುಂದೆ ಹೋದವರ ಹೆಜ್ಜೆ ಗುರುತು ಕಂಡಿತೆಂದು ಧೈರ್ಯ ಮಾಡಬೇಡಿ, ಅವರ ಕೈಯಲ್ಲಿ ಏನಿತ್ತೋ ನಿಮಗೆ ಗೊತ್ತಿಲ್ಲ.

ದಾರಿ ತಪ್ಪಿದೆ ಎನ್ನಿಸಿದರೆ ನಿಲ್ಲಿ, ಕುಳಿತು ಏನಾದರೂ ತಿನ್ನಿ, ಆಮೇಲೆ ನಕ್ಷೆ ತೆಗೆಯಿರಿ. ಗೊತ್ತಿದ್ದ ಕೊನೆಯ ಜಾಗಕ್ಕೆ ವಾಪಸ್ ಹೋಗಿ. ಪೆಟ್ಟಾಗಿ ಕೂತುಬಿಟ್ಟರೆ ಸೀಟಿ ಮೂರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಮೂರು.

9. ರಾತ್ರಿ

ಅಡುಗೆಯ ಜಾಗ, ಆಹಾರ ಇಡುವ ಜಾಗ, ಮಲಗುವ ಜಾಗ ಬೇರೆ ಬೇರೆ. ಅಡುಗೆಯ ಹೊಗೆ ಹಿಡಿದ ಬಟ್ಟೆಯಲ್ಲಿ ಮಲಗಬೇಡಿ. ಶೌಚಕ್ಕೆ ನೀರಿನಿಂದ, ದಾರಿಯಿಂದ, ಕ್ಯಾಂಪಿನಿಂದ 60 ಮೀಟರ್ ದೂರ ಹೋಗಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಿ, ಒರೆಸಿದ ಕಾಗದವನ್ನು ಒಂದು ಚೀಲದಲ್ಲಿ ಹಾಕಿ ವಾಪಸ್ ತನ್ನಿ. ಗ್ಲೇಸಿಯರ್‌ನಲ್ಲಿ ಬೆಟ್ಟದಾಡುಗಳು ಉಪ್ಪಿಗಾಗಿ ಹಂಬಲಿಸುತ್ತವೆ. ಮೂತ್ರ ಬಿದ್ದ ಗಿಡವನ್ನು ನೆಲ ಕೆದರಿ ತಿನ್ನುತ್ತವೆ, ಬೆವರು ಹಿಡಿದ ಚೀಲದ ಪಟ್ಟಿಯನ್ನೂ ಅಗಿಯುತ್ತವೆ. ಮೂತ್ರ ಬಂಡೆಯ ಮೇಲೆ ಮಾಡಿ, ಚೀಲ ಹೊರಗೆ ಬಿಡಬೇಡಿ.

ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ಅಳಿಲು ಎಲೆಯ ಮೇಲೆ ಓಡಿದರೂ ಕರಡಿಯಂತೆ ಕೇಳಿಸುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಎರಡನೆಯ ದಿನದ ನಡಿಗೆಯನ್ನು ಚಿಕ್ಕದಾಗಿ ಇಟ್ಟುಕೊಂಡಿದ್ದರೆ ಸಾಕು. ಮೂರನೆಯ ರಾತ್ರಿ ಟೆಂಟಿನ ಬಾಗಿಲು ಸರಿಸಿ ನಕ್ಷತ್ರ ನೋಡಲು ತಾನಾಗಿಯೇ ಎದ್ದು ಕೂರುತ್ತೀರಿ. ಅದಕ್ಕಾಗಿಯೇ ಅಲ್ಲವೇ ಇಷ್ಟು ದೂರ ಬಂದದ್ದು.

10. ಇಳಿದ ಮೇಲೆ

ನಾನು ಒಮ್ಮೆ ಟೀಟಾನ್‌ನಿಂದ ಸಂಜೆ ಐದಕ್ಕೇ ಇಳಿದಿದ್ದೆ. ಕಾರಿನ ಸೀಟು ಹಿಂದಕ್ಕೆ ಸರಿಸಿ ಹತ್ತು ನಿಮಿಷ ಎಂದು ಒರಗಿದವನು ಎದ್ದಾಗ ಕತ್ತಲಾಗಿತ್ತು. ಟ್ರೇಲ್‌ಹೆಡ್‌ನಲ್ಲಿ ಸಿಗ್ನಲ್ ಇರಲಿಲ್ಲ. ಊರು ತಲುಪಿ ಫೋನ್ ಮಾಡಿದಾಗ ಅಕ್ಕ ಪಾರ್ಕ್‌ನವರಿಗೆ ಕರೆ ಮಾಡಲು ಸಂಖ್ಯೆ ಒತ್ತುತ್ತಿದ್ದಳು. ಇನ್ನೈದು ನಿಮಿಷ ತಡವಾಗಿದ್ದರೆ, ಗಾಯಗೊಂಡ ಬೇರೆ ಯಾರಿಗೋ ಬೇಕಿದ್ದ ಜನ ನನ್ನನ್ನು ಹುಡುಕುತ್ತ ಕತ್ತಲಲ್ಲಿ ಬೆಟ್ಟ ಹತ್ತುತ್ತಿದ್ದರು.

ಆದ್ದರಿಂದ ಬೂಟು ಬಿಚ್ಚುವ ಮೊದಲು ಸಿಗ್ನಲ್ ಇರುವಲ್ಲಿಗೆ ಹೋಗಿ, ಕಾಗದ ಕೊಟ್ಟವರಿಗೆ "ಇಳಿದೆ" ಎಂದು ಹೇಳಿ. ಊಟ, ಸ್ನಾನ ಆಮೇಲೆ. ಮೆಸೇಜ್ ಕಳಿಸಿದರೆ ಅವರಿಂದ ಉತ್ತರ ಬರುವವರೆಗೆ ಅದು ತಲುಪಿತು ಎಂದುಕೊಳ್ಳಬೇಡಿ.

ಇನ್ನು ವಿಮಾನ ನಿಲ್ದಾಣದ ಮಾತು. ಬೇರ್ ಸ್ಪ್ರೇಯನ್ನೂ ಅಡುಗೆಯ ಗ್ಯಾಸ್ ಡಬ್ಬಿಯನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ಹೋಗುವಾಗ ಅಲ್ಲಿಯೇ ಕೊಳ್ಳಬೇಕು. ಬರುವಾಗ ಕಸದ ಬುಟ್ಟಿಗೆ ಹಾಕಬೇಡಿ, ಒತ್ತಡದ ಡಬ್ಬಿ ಕಸದ ಲಾರಿಯಲ್ಲಿ ಸಿಡಿದರೆ ಅಲ್ಲಿನ ಕೆಲಸಗಾರರ ಕಣ್ಣಿಗೆ ಹೋಗುತ್ತದೆ. ಹಿಂದಿನ ಸಂಜೆ ಕ್ಯಾಂಪ್‌ಗ್ರೌಂಡ್‌ನಲ್ಲಿ, ನಾಳೆ ಹತ್ತಲು ಹೊರಟ ಯಾರಿಗಾದರೂ ಕೊಟ್ಟು ಬನ್ನಿ. ಅವರು ಒಬ್ಬರೇ ಇದ್ದರೆ ಡಬ್ಬಿಯ ಜೊತೆಗೆ, ಮೇಲೆ ಹಿಮ ಎಲ್ಲಿದೆ ಎಂಬುದನ್ನೂ ಹೇಳಿ.